ಹಳದಿ ಶೀಶೆ

ಚಾಮರಾಜಪೇಟೆಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನನ್ನದು ಕೊಲ್ಲುವ ಕೆಲಸ.
ಸಂಬಳದ ಚೀಟಿಯಲ್ಲಿ ಹಾಗೆ ಬರೆದಿಲ್ಲ;
'ಸಹಾಯಕಿ, ಶುದ್ಧೀಕರಣ ವಿಭಾಗ' ಅಂತಿದೆ.

ಮೇಲಿನಿಂದ ಲಿಫ್ಟಿನಲ್ಲಿ ಇಳಿದು ಬರುತ್ತವೆ
ರಕ್ತ ಒಣಗಿದ ಕತ್ತರಿ, ಚಿಮಟ, ಇಕ್ಕಳ.
ಬ್ರಶ್ಶು ಹಿಡಿದು ಹಲ್ಲುಹಲ್ಲಿನ ಸಂದಿ ಉಜ್ಜುತ್ತೇನೆ.
ಕೊಳೆ ಹೋಗದೆ ಕೊಂದರೆ ಕೊಂದಂತಲ್ಲ ಎಂದು
ಮೊದಲ ದಿನವೇ ಹೇಳಿಕೊಟ್ಟವರು ಎಸ್ತರಮ್ಮ,
ಮೂವತ್ತೊಂದು ವರ್ಷ ಉಗಿಯಲ್ಲಿ ಬೆಂದ
ಬೆರಳುಗಳವರು.

"ಅಪ್ಪಟ ಸ್ಪಿರಿಟ್ಟು ಅವಸರದ ಗಂಡು ಕಣಮ್ಮ,
ಹೊರಗೋಡೆ ಗಟ್ಟಿ ಮಾಡಿ ತಾನು ಆರಿಹೋಗುತ್ತೆ,
ಒಳಗಿನೋನು ಬಾಗಿಲು ಹಾಕ್ಕೊಂಡು ಬದುಕ್ಕೋತಾನೆ.
ನೂರಕ್ಕೆ ಮೂವತ್ತು ನೀರು ಬೆರೆಸು,
ಮೆಲ್ಲಗೆ ಒಳಗಿಳಿಯುತ್ತೆ. ಆಮೇಲೆ ನೋಡು."
ಬ್ಲೀಚು ಬೆಳಕಿಗೆ ಸೊರಗುತ್ತೆ, ಕಪ್ಪು ಕ್ಯಾನಿನಲ್ಲಿಡು.
ಹೊಟ್ಟೆಯೊಳಗೆ ಇಳಿವ ಕ್ಯಾಮೆರಾಕ್ಕೆ ಉಗಿ ಆಗದು,
ಕಣ್ಣುರಿಸುವ ಹಸಿರು ದ್ರಾವಣದಲ್ಲಿ ಮುಳುಗಿಸಿ
ಗಡಿಯಾರ ನೋಡು, ಗೋಡೆ ನೋಡಬೇಡ.
ಡ್ರಮ್ಮನ್ನು ಅವಲಕ್ಕಿ ಡಬ್ಬಿಯಂತೆ ಅಮುಕಿ ತುಂಬಬೇಡ;
ಗಾಳಿ ಸಿಕ್ಕಿಕೊಂಡಲ್ಲಿ ಉಗಿ ಕಾಲಿಡದು.

ನೂರಿಪ್ಪತ್ತೊಂದು ಡಿಗ್ರಿ. ಹದಿನೈದು ಪೌಂಡು.
ಟೇಪಿನ ಗೀರು ಕಪ್ಪಾಗುತ್ತದೆ.
ಕಪ್ಪಾದರೆ ಬಿಸಿ ತಾಕಿತೆಂದಷ್ಟೇ ಅರ್ಥ,
ಸತ್ತಿತೆಂದಲ್ಲ.
ಅದಕ್ಕೇ ವಾರಕ್ಕೊಮ್ಮೆ
ಸಾಯಿಸಲು ಅತಿ ಕಷ್ಟದ ಬೀಜಕಣಗಳನ್ನು
ನೇರಳೆ ಶೀಶೆಯಲ್ಲಿ ಹಾಕಿ ಡ್ರಮ್ಮುಗಳ ನಡುವೆ ಇಡುತ್ತೇವೆ;
ಆಮೇಲೆ ಅದನ್ನೇ ಬೆಚ್ಚಗಿಟ್ಟು ಕಾಯುತ್ತೇವೆ,
ಏನೂ ಹುಟ್ಟದಿರಲೆಂದು.

ನನ್ನ ಕೈಯ ಕ್ಲೋರಿನ್ ವಾಸನೆ ಅತ್ತೆಗೆ ಆಗದು.
"ನಿನ್ನ ಕೈಲಿ ಹೆಪ್ಪು ನಿಲ್ಲಲ್ಲ, ಮುಟ್ಟಬೇಡ" ಎಂದು
ಹಾಲಿನ ಪಾತ್ರೆ ಆಚೆ ಸರಿಸುತ್ತಾರೆ.
ಉಪ್ಪಿನಕಾಯಿ ಜಾಡಿಗಂತೂ ನಾನು ಒಂದು ಮಾರು ದೂರ.
ಜಾಡಿಯನ್ನು ಬಿಸಿಲಿಗಿಟ್ಟು, ಉಪ್ಪು ಸುರಿದು, ಎಣ್ಣೆ ತೇಲಿಸಿ
ಅವರು ಮಾಡುವುದೂ ನನ್ನ ಕೆಲಸವೇ.
ಹೇಳಿಲ್ಲ.

ಆಷಾಢದ ಒಂದು ಗುರುವಾರ
ಶೀಶೆ ಹಳದಿಯಾಯಿತು.

ಅರಿಶಿನದಷ್ಟು ಶುಭವಾದ ಹಳದಿ.
ಎಸ್ತರಮ್ಮ ಕನ್ನಡಕ ಒರೆಸಿ ಮತ್ತೆ ನೋಡಿದರು.
ಬಾಗಿಲ ರಬ್ಬರು ಸೀಳಿತ್ತು, ಕೂದಲೆಳೆಯಷ್ಟು.
ಹನ್ನೆರಡು ಡ್ರಮ್ಮು ವಾಪಸು ಕರೆಸಿದೆವು.
ಹನ್ನೊಂದು ಬಂದವು.

ಇನ್ನೊಂದು ಆಗಲೇ ಬಿಚ್ಚಿ, ಬಳಸಿ,
ಒಂಬತ್ತನೇ ಮಂಚದ ಹುಡುಗನ ಹೊಟ್ಟೆ ಹೊಲಿದಾಗಿತ್ತು.
ಗೋರಿಪಾಳ್ಯದವನು, ಆರು ವರ್ಷ, ಹೆಸರು ಮುದಸ್ಸಿರ್.
ಡಾಕ್ಟರು ಬೈದರು, ಔಷಧಿ ಬದಲಿಸಿದರು, ವರದಿ ಬರೆಸಿದರು.
ನಾನು ಪಾಳಿ ಮುಗಿಸಿ ಮೆಟ್ಟಿಲು ಹತ್ತಿದೆ.
ಮೂರು ವರ್ಷದಲ್ಲಿ ಮೊದಲ ಸಲ
ನನ್ನ ಕತ್ತರಿಗಳು ಹೋಗುವ ಊರು ನೋಡಿದೆ.

ಮಂಚದ ಕಾಲಿಗೆ ತೂಗಿದ ಚಾರ್ಟು:
ತೊಂಬತ್ತೆಂಟು. ತೊಂಬತ್ತೊಂಬತ್ತು ಪಾಯಿಂಟ್ ನಾಲ್ಕು.
ಶುಕ್ರವಾರ ರಾತ್ರಿ ನೂರು.
ಅವನ ತಾಯಿ ಕೇಳಿದಳು, "ನೀವು ಯಾರು?"
"ಕೆಳಗಿನವಳು" ಅಂದೆ.

ಭಾನುವಾರ ಅವನು ದಿಂಬಿಗೊರಗಿ ಕೂತು
ಮೊಸರನ್ನ ತಿನ್ನುತ್ತಿದ್ದ, ಗಲ್ಲಕ್ಕೆಲ್ಲ ಬಳಿದುಕೊಂಡು,
ಒಂದೊಂದು ತುತ್ತಿನಲ್ಲೂ ಲಕ್ಷ ಲಕ್ಷ ಜೀವ.
ನನ್ನ ಕೈ ತಾನಾಗಿ ಒರೆಸಲು ಹೋಗಿ
ಅರ್ಧಕ್ಕೆ ನಿಂತಿತು.

ಮಾರ್ಕೆಟ್ಟಿನ ಕೊಳೆತ ಹೂ, ಎರಡು ಸಿಗ್ನಲ್ಲು ದಾಟಿ
ಮನೆಗೆ ಬಂದಾಗ ಅತ್ತೆ ಮಲಗಿದ್ದರು, ಮಂಡಿನೋವು.
ಹಾಲು ಕಾಯಿಸಿ ಆರಿಸಿದೆ.
ಕೈ ತೊಳೆದೆ, ಬರೀ ನೀರಿನಲ್ಲಿ.
ಕಿರುಬೆರಳು ಅದ್ದಿ ನೋಡಿದೆ.
ಎಷ್ಟು ಡಿಗ್ರಿಯೋ, ಈ ಅಂಕಿ ಎಸ್ತರಮ್ಮ ಹೇಳಿಕೊಟ್ಟಿಲ್ಲ;
ಬೆರಳು ಸುಡಲಿಲ್ಲ, ಅಷ್ಟೇ.
ಒಂದು ಚಮಚ ಹೆಪ್ಪು ಬಿಟ್ಟು, ತಟ್ಟೆ ಮುಚ್ಚಿ,
ಒಲೆಯ ಪಕ್ಕದ ಬೆಚ್ಚನೆ ಮೂಲೆಯಲ್ಲಿಟ್ಟು

ಕಾದೆ.