ಅರವತ್ತಮೂರು

ಬಂದರಿನ ಗಾಳಿ ಶಟರಿನಡಿ ನುಗ್ಗುವ ಈ ಓಣಿಯಲ್ಲಿ
ಹಳೆಯ ವಿಡಿಯೊ ಗೇಮುಗಳ ಡಿಸ್ಕು ಮಾರುತ್ತೇನೆ ನಾನು, ಬೌದಿಲಿಯೊ.
ವಾಲ್ಪರೈಸೊದಲ್ಲಿ ಗುಡ್ಡ ಹತ್ತಲು ಲಿಫ್ಟು,
ನನ್ನ ಅಂಗಡಿಯಲ್ಲಿ ಡಬ್ಬಿಗೊಂದು ಹಳದಿ ಚೀಟಿ:
ಲೋಕದ ವಿಮರ್ಶಕರೆಲ್ಲ ಕೊಟ್ಟದ್ದನ್ನು
ಕೂಡಿ, ಭಾಗಿಸಿ ಬಂದ ಅಂಕ.
ಅಂಟಿಸುವವನೂ ನಾನೇ. ಗಿರಾಕಿಗಳು ಕೇಳುತ್ತಾರೆ, ಏನು ಮಾಡಲಿ.

ಹಾಗೆಂದು ಅಂಕವನ್ನು ಹಳಿಯಲಾರೆ.
ಮೂವತ್ತೆಂಟು ಬಿದ್ದ ಆ ಕಾರಿನ ಆಟ
ಎರಡನೇ ತಿರುವಿನಲ್ಲೇ ಕಲ್ಲಾಗಿ ನಿಲ್ಲುತ್ತಿತ್ತು.
ಚೀಟಿ ನೋಡಿ ಕೈಬಿಟ್ಟ ತಾಯಂದಿರು
ಉಳಿದ ಕಾಸಿಗೆ ಬೂಟು ಕೊಂಡಿರಬೇಕು.
ಕೆಟ್ಟದ್ದನ್ನು ಕೆಟ್ಟದ್ದೆನ್ನಲು
ನೂರು ಬಾಯಿ ಒಂದಾಗುವುದು ಕಷ್ಟವಲ್ಲ.

ಕಷ್ಟವಿರುವುದು ನಡುವಿನ ಕಪಾಟಿನಲ್ಲಿ.

ಅಲ್ಲಿತ್ತು ‘ಉಪ್ಪಿನ ದೀಪ’.
ದ್ವೀಪದ ದೀಪಸ್ತಂಭಕ್ಕೆ ಒಬ್ಬಳೇ ಕಾವಲುಗಾತಿ,
ಎಣ್ಣೆ ಹೊತ್ತು ದಿನಾ ಇನ್ನೂರ ಹನ್ನೊಂದು ಮೆಟ್ಟಿಲು.
ಓಡುವ ಗುಂಡಿಯೇ ಇಲ್ಲ.
ಒಬ್ಬ ತೊಂಬತ್ತು ಕೊಟ್ಟ, ಮೆಟ್ಟಿಲಿಗಾಗಿ.
ಒಬ್ಬಳು ಮೂವತ್ತಾರು ಕೊಟ್ಟಳು, ಅದೇ ಮೆಟ್ಟಿಲಿಗಾಗಿ.
ಉಳಿದವರು ಆಚೀಚೆ.
ಕೊನೆಗೆ ಅರವತ್ತಮೂರು:
ಯಾರೂ ಕೊಡದ ಅಂಕ,
ಯಾರ ಮೊಣಕಾಲೂ ನೋಯದ ಮೆಟ್ಟಿಲು.

ನಾನದನ್ನು ಮೂರು ಸಲ ಮುಗಿಸಿದ್ದೆ.
ಒಮ್ಮೆ ಜ್ವರದಲ್ಲಿ. ಹತ್ತುತ್ತ ಹತ್ತುತ್ತ ಬೆವರು ಬಿಟ್ಟಿತು.

ಹಾಗಾಗಿ, ಕ್ರೇನು ನಡೆಸುವ ಓರ್ತೆನ್ಸಿಯಾ ಕಿಲೊದ್ರಾನ್
ಪಾಳಿ ಮುಗಿಸಿ ಬಂದು, ಗ್ರೀಸಿನ ಕೈ ಪ್ಯಾಂಟಿಗೊರೆಸಿ,
“ಒಂದು ಕೊಳ್ಳುವಷ್ಟೇ ದುಡ್ಡು, ಯಾವುದು ಒಯ್ಯಲಿ?” ಎಂದಾಗ
ತೊಂಬತ್ತನಾಲ್ಕರ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ
ಇದನ್ನು ಕೊಟ್ಟೆ,
ಚೀಟಿಯ ಮೇಲೆ ಹೆಬ್ಬೆರಳಿಟ್ಟು.

ಅವಳು ಹೆಬ್ಬೆರಳು ಎತ್ತಿ ನೋಡಿದಳು.
“ನಾವು ಓದಿದ ಶಾಲೆಯಲ್ಲಿ ಏಳಕ್ಕೆ ನಾಲ್ಕು ಬಂದರೆ ಪಾಸು.
ನೂರಕ್ಕೆ ಅರವತ್ತಮೂರು ಪಾಸೋ, ಫೇಲೋ?”
ಊಟ ತನ್ನಿಚ್ಛೆ, ನೋಟ ಪರರಿಚ್ಛೆ;
ಆಟ ಯಾರಿಚ್ಛೆ?
“ಪಾಸು” ಎಂದೆ.

ಒಂಬತ್ತನೇ ದಿನ ಡಬ್ಬಿ ಕೌಂಟರಿನ ಮೇಲೆ ಕುಕ್ಕಿದಳು.
“ದಿನಕ್ಕೆರಡು ಸಲ ನಲವತ್ತು ಮೀಟರು ಏಣಿ ಹತ್ತುತ್ತೇನೆ, ಬೌದಿಲಿಯೊ.
ಮನೆಗೆ ಬಂದು ಮತ್ತೆ ಹತ್ತಲೇ?
ನಿನ್ನ ಹೆಬ್ಬೆರಳಿಗಿಂತ ಆ ಚೀಟಿಯೇ ವಾಸಿ.”

ತೊಂಬತ್ತನಾಲ್ಕನ್ನು ಒಯ್ದಳು.
ಹಿಡಿಸಿತೋ ಇಲ್ಲವೋ, ಅದು ಹಿಂದೆ ಬರಲಿಲ್ಲ.

ಅನ್ನ ಬೆಂದದ್ದು ಒಂದಗುಳು ಹಿಚುಕಿದರೆ ತಿಳಿದೀತು.
ಉಣ್ಣುವವರ ಹಸಿವು
ಯಾವ ಅಗುಳಲ್ಲಿದೆ?

ರಾತ್ರಿ ಶಟರೆಳೆಯುವ ಮುನ್ನ
ಹಳದಿ ಚೀಟಿಯ ಕೆಳಗೆ ಪೆನ್ಸಿಲಿನಲ್ಲಿ ಬರೆದೆ:
ಏಣಿ ಹತ್ತಿ ದುಡಿಯುವವರಿಗೆ ಬೇಡ.
ಜ್ವರ ಬಂದವರಿಗೆ ಆದೀತು.

ಅಂಕ ಹಾಗೇ ಇದೆ.
ಬೆಲೆ ಮಾತ್ರ ಇನ್ನೂರು ಪೆಸೊ ಇಳಿಸಿದ್ದೇನೆ.