ಮೂರನೆಯ ಗಂಟಲು

ಕೆಮಿ ಪಟ್ಟಣ, ಎಂಬತ್ತೇಳರ ಜನವರಿ.
ಸಮುದ್ರ ಹೆಪ್ಪುಗಟ್ಟಿ ಮೇಲೆ ಕಾರು ಓಡಾಡುತ್ತಿದ್ದ ಕಾಲ.
ಹತ್ತೂವರೆಗೆ ಬೆಳಗು, ಎರಡಕ್ಕೆಲ್ಲ ಇರುಳು.
ಅಮ್ಮ ಕಾಗದದ ಕಾರ್ಖಾನೆಗೆ ಹೊರಟಳೆಂದರೆ
ಟೀವಿ ನಮ್ಮದು.

ತರ್ಮೊ ನೆಲದ ಮೇಲೆ ಚಕ್ಕಳಮಕ್ಕಳ,
ಮಡಿಲಲ್ಲಿ ಬ್ರೆಡ್ಡಿನ ಡಬ್ಬದಂತೆ ಉಬ್ಬಿದ ಕಂದು ಕಂಪ್ಯೂಟರು,
ಎರಡು ಬೇಸಗೆ ಆಲೂಗಡ್ಡೆ ಕಿತ್ತು ಕೊಂಡದ್ದು.
ಸೋಫಾದಲ್ಲಿ ನಾನು, ಕೈಯಲ್ಲಿ ಹೆಣಿಗೆ ಕಡ್ಡಿ.
“ಒಂದು ಹಕ್ಕಿ ಬೇಕು” ಅಂದ.
“ಅಗಲ ಇಪ್ಪತ್ತನಾಲ್ಕು ಚುಕ್ಕಿ, ಎತ್ತರ ಇಪ್ಪತ್ತೊಂದು.
ಅದರಾಚೆ ಒಂದು ಗರಿಯೂ ಹೋಗುವಂತಿಲ್ಲ.”

ನಕ್ಕುಬಿಟ್ಟೆ.
ನನ್ನ ತೊಡೆಯ ಮೇಲೇ ಇತ್ತಲ್ಲ ಹಕ್ಕಿ,
ಲೆಂಪಿ ಅಜ್ಜಿಯ ಕೈಗವಸಿನ ನಕ್ಷೆ:
ಚೌಕುಳಿ ಹಾಳೆ, ತುಂಬಿದ್ದು ಕಪ್ಪು ನೂಲು, ಬಿಟ್ಟದ್ದು ಬಿಳಿ.
ಕೊಕ್ಕಿನಿಂದ ಬಾಲಕ್ಕೆ ಇಪ್ಪತ್ತಾರು ಕುಣಿಕೆ.
ಬಾಲದಲ್ಲಿ ಎರಡು ಕತ್ತರಿಸಿದೆವು.
ಅಜ್ಜಿ ಸತ್ತು ವರ್ಷವಾಗಿತ್ತು, ಬೈಯಲಿಲ್ಲ.

ಎಂಟೆಂಟು ಚೌಕಕ್ಕೆ ಒಂದು ಸಂಖ್ಯೆ,
ಸಾಲಿಗೆ ಮೂರು, ಒಟ್ಟು ಅರವತ್ತಮೂರು.
ನಾನು ಓದಿದೆ, ಅವನು ಒತ್ತಿದ.
ಸೊನ್ನೆ, ಅರವತ್ತು, ಸೊನ್ನೆ.
ಸೊನ್ನೆ, ನೂರ ಇಪ್ಪತ್ತಾರು, ಸೊನ್ನೆ.
ಎಲ್ಲೋ ತಪ್ಪಿ ಓದಿರಬೇಕು,
ಹಕ್ಕಿಯ ಬೆನ್ನಲ್ಲೊಂದು ತೂತು,
ಅದರೊಳಗಿಂದ ಆಕಾಶ.
“ಇರಲಿ ಬಿಡು, ಗಾಳಿಯಾಡಲಿ.”

ಚಿತ್ರ ಬರೆಯುವ ಕಿರಣ ಮೇಲಿಂದ ಕೆಳಗೆ
ಸೆಕೆಂಡಿಗೆ ಐವತ್ತು ಸಲ ಪರದೆ ಉಳುತ್ತದಂತೆ.
ನಡುದಾರಿಯಲ್ಲಿ ಅದರ ತೋಳು ಹಿಡಿದು
ಬಣ್ಣ ಬದಲಿಸಿ ಬಿಟ್ಟುಬಿಡಬೇಕು, ಅದಕ್ಕೆ ಗೊತ್ತಾಗಬಾರದು.
ಹಾಗೆ ಮೇಲೆ ನೀಲಿ ಬಂತು, ಕೆಳಗೆ ಬಿಳಿ ಬಂತು.
ಹಿಮಕ್ಕೂ ಬಾನಿಗೂ ನಡುವಿನ ಗೆರೆ ಮಾತ್ರ
ಮಾರ್ಚಿನವರೆಗೂ ನಡುಗುತ್ತಲೇ ಇತ್ತು.

ಸಂಗೀತವೇ ಕಷ್ಟವಾದದ್ದು.
ಆ ಚಿಪ್ಪಿಗೆ ಇದ್ದದ್ದು ಮೂರೇ ಗಂಟಲು.
ಒಂದು ಹಾಡಬೇಕು, ಇನ್ನೊಂದು ಅದರ ಹಿಂದೆ ಓಡಬೇಕು,
ಮೂರನೆಯದರ ಪಾಡು ಹೇಳತೀರದು:
ಮಂದ್ರದಲ್ಲಿ ಗೊಣಗುತ್ತ ಶ್ರುತಿ ಹಿಡಿಯಬೇಕು,
ನಡುನಡುವೆ ಗೊಣಗು ನುಂಗಿಕೊಂಡು
ಡಬ್ಬ ಬಡಿದು ತಾಳವನ್ನೂ ಹಾಕಬೇಕು,
ಏನೂ ಆಗದವರ ಹಾಗೆ ಮತ್ತೆ ಗೊಣಗಬೇಕು.
ಕೇಳುವವರಿಗೆ ಇಬ್ಬರಿದ್ದಾರೆ ಅನಿಸಬೇಕು.

“ಅಮ್ಮನ ಹಾಗೆ” ಅಂದೆ.
ಅಪ್ಪ ಹಡಗು ಹತ್ತಿ ಹೋದಮೇಲೆ ಅವಳಿಗೆ ಎರಡು ಪಾಳಿ.
ತರ್ಮೊ ಒತ್ತುವುದನ್ನು ನಿಲ್ಲಿಸಲಿಲ್ಲ.

ಸ್ವರವೊಂದಕ್ಕೆ ನಾಲ್ಕು ಅಂಕಿ, ಅವನೇ ಕಲಿಸಿದ್ದು:
ಎಷ್ಟು ಬೇಗ ಏಳಬೇಕು, ಎಷ್ಟು ಬೇಗ ಬಾಗಬೇಕು,
ಎಷ್ಟರಲ್ಲಿ ತಾಳಿಕೊಂಡಿರಬೇಕು,
ಬಾಗಿಲು ಮುಚ್ಚಿದ ಮೇಲೆ ಎಷ್ಟು ಹೊತ್ತಿಗೆ ಸಾಯಬೇಕು.
ಕೊನೆಯದಕ್ಕೆ ಹದಿನೈದೇ ಮಿತಿ,
ಅಂದರೆ ಇಪ್ಪತ್ತನಾಲ್ಕು ಸೆಕೆಂಡಿನ ಸಾವು.
“ಅಷ್ಟು ಯಾರೂ ಕೊಡೋದಿಲ್ಲ. ರಾಡಿಯಾಗುತ್ತೆ.”

ಈಸ್ಟರ್ ರಜೆ. ಔಲು ಪಟ್ಟಣದ ಶಾಲೆಯ ಜಿಮ್ಮು,
ಹುಡುಗರ ಸಂತೆ. ಬೆವರು, ಕೋಲಾ, ಒದ್ದೆ ಬೂಟು.
ಹಿಂದಿನ ರಾತ್ರಿ ಅವನಿಗೆ ನಿದ್ದೆ ಹತ್ತಿದ ಮೇಲೆ
ಒಂದು ಸಾಲು ತಿದ್ದಿದ್ದೆ.
ವಿಳಾಸ 54292.
169 ಇದ್ದಲ್ಲಿ 175.
ಮೂರನೆಯ ಗಂಟಲು, ಕಡೆಯ ಸ್ವರ, ಅಷ್ಟೇ.

ಹಕ್ಕಿ ತೂತಿನ ಸಮೇತ ಹಾರಿತು.
ಗೆರೆ ನಡುಗಲಿಲ್ಲ.
ಅಕ್ಷರಗಳು ಉರುಳುತ್ತ ಬಂದವು,
ಚಿತ್ರ ತರ್ಮೊ, ಸಂಗೀತ ತರ್ಮೊ, ಪ್ರೋಗ್ರಾಮು ತರ್ಮೊ.
ಪರದೆ ಕಪ್ಪಾಯಿತು.
ಯಾರೋ ಚಪ್ಪಾಳೆಗೆ ಕೈ ಎತ್ತಿದ.

ಕೆಳಗೆ, ನೆಲದ ಹಲಗೆಯ ಹತ್ತಿರ, ಗೊಣಗು ಇನ್ನೂ ಇತ್ತು.
ಎತ್ತಿದ ಕೈ ಎತ್ತಿದಲ್ಲೇ.
“ಕೆಟ್ಟಿದೆ” ಅಂದ ಒಬ್ಬ.
“ಶ್” ಅಂದ ಇನ್ನೊಬ್ಬ.
ಅದು ತೆಳುವಾಗುತ್ತ, ತೆಳುವಾಗುತ್ತ,
ಹೀಟರಿನ ಸದ್ದೋ ಅದೋ ತಿಳಿಯದ ಹಾಗೆ.

ತರ್ಮೊ ತಿರುಗಿ, ಅಷ್ಟೂ ಮುಖಗಳ ನಡುವೆ
ನನ್ನನ್ನು ಹುಡುಕುತ್ತಿದ್ದ.
ನಾನು ತಲೆ ಬಗ್ಗಿಸಿ ಕುಣಿಕೆ ಎಣಿಸುತ್ತಿದ್ದೆ,
ಇಪ್ಪತ್ತೆರಡು,
ಇಪ್ಪತ್ತಮೂರು