ಮೆಣಸಿನಪುಡಿ ಡಬ್ಬಿ

ಅಡುಗೆಕೋಣೆಗೂ ಒಂಬತ್ತನೇ ತರಗತಿಗೂ ನಡುವೆ
ಒಂದೇ ಗೋಡೆ. ಮೇಲೆ, ಗಾಳಿಗೆಂದು ಬಿಟ್ಟ ನಾಲ್ಕು ಕಿಂಡಿ.
ನನ್ನ ಸಾರಿನ ವಾಸನೆ ಆ ಕಡೆ ಹೋಗುತ್ತದೆ,
ಅವರ ಪಾಠ ಈ ಕಡೆ ಬರುತ್ತದೆ.
ಕಾರ್ಗಲ್ಲಿನ ಈ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ
ಪೈಥಾಗೊರಸನನ್ನೂ ಫ್ರಾನ್ಸಿನ ಕ್ರಾಂತಿಯನ್ನೂ
ತೊಗರಿಬೇಳೆಯ ಜೊತೆಗೇ ಬೇಯಿಸಿದ್ದೇನೆ.

ಶನಿವಾರ ಹುಡುಗರನ್ನು ಖೋಖೋ ಆಡಲು ಅಟ್ಟಿ
ಬಾಗಿಲು ಮುಂದೆ ಮಾಡಿ
ಫಿಲೋಮಿನಾ ಸಿಸ್ಟರು ಶುರುಮಾಡುತ್ತಾರೆ.
ಬೋರ್ಡಿನ ಮೇಲೆ ‘ಜೀವನ ಕೌಶಲ’ ಅಂತ ಬರೆಯುತ್ತಾರಂತೆ.
ನನಗೆ ಕಾಣುವುದಿಲ್ಲ, ಸೀಮೆಸುಣ್ಣದ ಕಿರುಗು ಕೇಳುತ್ತದೆ.
ಕೌಶಲ ಅಂದರೆ ಹೊಲಿಗೆ ಅಂದುಕೊಂಡಿದ್ದೆ.

ಮೊದಲ ವಾರವೇ ಮುಟ್ಟಿನ ಮಾತು.
ಹುಣಸೆಹಣ್ಣು ಕಿವುಚುತ್ತಿದ್ದ ಕೈ ನಿಂತಿತು.
ಹೀಗೆ ಜೋರಾಗಿ, ಹಗಲಲ್ಲಿ, ಹೆಸರು ಹಿಡಿದು!
ನಮ್ಮಲ್ಲಿ ಆಣೆಕಟ್ಟಿನ ಗೇಟು ಎತ್ತುವ ಮುಂಚೆ
ಸೈರನ್ ಕೂಗಿಸುತ್ತಾರೆ,
ಹೊಳೆಯಲ್ಲಿ ಬಟ್ಟೆ ಒಗೆಯುವವರು ದಡ ಹತ್ತಲಿ ಅಂತ.
ನನಗೆ ಯಾರೂ ಕೂಗಿಸಲಿಲ್ಲ.
ಏಳನೇ ಕ್ಲಾಸು, ನೀಲಿ ಲಂಗ,
ಸಾಯುತ್ತಿದ್ದೇನೆ ಅಂತಲೇ
ಸಂಜೆವರೆಗೆ ಕೊಟ್ಟಿಗೆಯಲ್ಲಿ ಕೂತಿದ್ದೆ.
ಆಮೇಲೆ ಲಂಗವೂ ಹೋಯಿತು, ಶಾಲೆಯೂ.

ಎರಡನೇ ವಾರ ರಕ್ತಹೀನತೆ, ನುಗ್ಗೆಸೊಪ್ಪು.
ಅದು ನನ್ನ ಇಲಾಖೆ. ಸೋಮವಾರದ ಸಾರಿಗೆ
ಯಾರನ್ನೂ ಕೇಳದೆ ಎರಡು ಹಿಡಿ ಹೆಚ್ಚು ಹಾಕಿದೆ.

ಮೂರನೇ ವಾರ ‘ಬೇಡ’.
ಕಣ್ಣಲ್ಲಿ ಕಣ್ಣಿಟ್ಟು ಹೇಳಿ. ನಗಬಾರದು,
ನೆಲ ನೋಡಬಾರದು, ದುಪಟ್ಟಾ ತಿರುಚಬಾರದು.
ಬಸ್ಸಿನಲ್ಲಿ ಒತ್ತಿ ನಿಲ್ಲುವವನಿಗೆ,
ಫೋಟೋ ಕಳಿಸು ಅನ್ನುವವನಿಗೆ,
ಹದಿನಾರಕ್ಕೇ ಗಂಡು ಗೊತ್ತುಮಾಡುವ ಸೋದರಮಾವನಿಗೆ.
ಬೇಡ. ಇನ್ನೂ ಜೋರಾಗಿ. ಬೇಡ!
ಮಾವಿನಮರದ ಮಂಗಗಳು ದಿಕ್ಕೆಟ್ಟು ಓಡಿದವು.

ಊಟದ ಸಾಲಿನಲ್ಲಿ ಆ ಮಾತಿನ ಬಿಸಿ ಇನ್ನೂ ಆರಿರಲಿಲ್ಲ.
ತನುಜಾ: ಬದನೆಕಾಯಿ ಬೇಡ.
ನಸೀಬಾ: ನಂಗೂ ಬೇಡ.
ಮೂವತ್ತು ತಟ್ಟೆ, ಮೂವತ್ತು ಬೇಡ,
ಪಲ್ಯ ಪಾತ್ರೆಯ ಕಂಠದವರೆಗೆ ಹಾಗೇ.
ಬೈಯಲು ಬಾಯಿ ತೆರೆದವಳು ಸೌಟು ಹಿಡಿದು ನಿಂತೆ.
ನಾನು ಬೇಡ ಅಂದದ್ದು ಯಾವಾಗ?
ಎಣಿಸಿದೆ. ಒಮ್ಮೆ, ಇಂಜೆಕ್ಷನ್ನಿಗೆ.
ಅದನ್ನೂ ಚುಚ್ಚೇಬಿಟ್ಟಿದ್ದರು.

ಕೇಳಲು ನಾಚಿಕೆಯಾದರೆ ಬರೆದು ಹಾಕಿ, ಹೆಸರು ಬೇಕಿಲ್ಲ
ಅಂತ ಒಂದು ಡಬ್ಬಿ ಇಟ್ಟರು.
ಡಬ್ಬಿ ನನ್ನದೇ, ಮೆಣಸಿನಪುಡಿಯದ್ದು, ತೊಳೆದು ಕೊಟ್ಟಿದ್ದೆ.
ಎಷ್ಟು ತೊಳೆದರೇನು,
ಚೀಟಿ ಬಿಚ್ಚಿದಾಗೆಲ್ಲ ಸಿಸ್ಟರಿಗೆ ಸೀನು.

ಒಂದು ಶುಕ್ರವಾರ, ಎಲ್ಲರೂ ಹೋದ ಮೇಲೆ,
ಅಕ್ಕಿಮೂಟೆಯ ಚೀಟಿಯ ಹಿಂದೆ ನಾನೂ ಬರೆದೆ.
ಒತ್ತಕ್ಷರಗಳು ಎಲ್ಲೆಲ್ಲೋ ಜಾರಿದವು:
ತಿಂಗಳಿಂದು ನಲವತ್ತೊಂದಕ್ಕೇ ನಿಂತಿದೆ.
ರಾತ್ರಿ ಒಲೆಮುಂದೆ ಕೂತ ಹಾಗೆ ಮೈ ಉರಿ.
ಯಾರಿಗೂ ಹೇಳಿಲ್ಲ. ಇದು ರೋಗವೋ?

ಸಿಸ್ಟರು ಓದಿದರು.
ಕಿಸಕ್ಕೆಂದಿತು ಒಂದು ಬೆಂಚು.
ಆಮೇಲೆ ಯಾರೂ ಉಸಿರೆತ್ತಲಿಲ್ಲ.
ಈಗಲಾದರೂ ಕುಕ್ಕರು ಕೂಗಬಾರದೇ ಅಂದುಕೊಂಡೆ.
‘ರೋಗ ಅಲ್ಲ. ನಿಲ್ಲುವ ಕಾಲ ಎಲ್ಲರಿಗೂ ಬರುತ್ತೆ,
ಇವರಿಗೆ ಸ್ವಲ್ಪ ಬೇಗ ಬಂದಿದೆ.
ಒಮ್ಮೆ ತೋರಿಸಿಕೊಳ್ಳಬೇಕು.
ಸೋಮವಾರ ಆಸ್ಪತ್ರೆಯಲ್ಲಿ ನಾನೇ ಇರ್ತೀನಿ.’
ಕೊನೆಯ ಮಾತನ್ನು ಕಿಂಡಿಗೆ ಹೇಳಿದ ಹಾಗಿತ್ತು.

ಅವತ್ತು ಸಾಲಿನಲ್ಲಿ ನಸೀಬಾ ನನ್ನ ಮುಖ ನೋಡಲಿಲ್ಲ.
ತಟ್ಟೆ ಚಾಚಿ, ‘ಬದನೆಕಾಯಿ ಹಾಕಿ ಗುತ್ಯಮ್ಮಕ್ಕ’ ಅಂದಳು.
ಅವಳಿಗೆ ಸೇರುವುದಿಲ್ಲ, ನನಗೆ ಗೊತ್ತು.
ಒಂದೇ ಹೋಳು ಹಾಕಿದೆ.

ಹೆಡ್‌ಮಾಸ್ತರು ಸಂಜೆ ಬಂದರು:
ಸೋಮವಾರ ಸಾಹೇಬರು ಬರ್ತಾರೆ,
ಬೇಗ ಬಂದು ಪಾಯಸ ಮಾಡಬೇಕು.
‘ಆಗಲ್ಲ ಸಾರ್, ಆಸ್ಪತ್ರೆಗೆ ಹೋಗಬೇಕು.’
ನೆಲ ನೋಡಿಯೇ ಹೇಳಿದೆ, ಸೆರಗೂ ತಿರುಚಿದೆ.
ಸಿಸ್ಟರಾಗಿದ್ದರೆ ಇನ್ನೊಮ್ಮೆ ಹೇಳಿಸುತ್ತಿದ್ದರು.
ಆದರೂ ಹೇಳಿದೆ.

ಡಬ್ಬಿ ಇನ್ನೂ ವಾಪಸು ಬಂದಿಲ್ಲ.
ಮೆಣಸಿನಪುಡಿ ಈಗ ಪ್ಲಾಸ್ಟಿಕ್ ಕವರಿನಲ್ಲಿದೆ,
ಬಾಯಿಗೆ ರಬ್ಬರ್‌ಬ್ಯಾಂಡು.